ದಿನಾ ಮೈ ತೊಳೆಸಿಕೊಂಡ ಎಮ್ಮೆ

ಅವತ್ತು ಮಂಗಳವಾರ. ಏಳನೇ ತರಗತಿಗೆ ಭಿನ್ನರಾಶಿಯ ಭಾಗಾಕಾರ ಹೇಳಿಕೊಡುತ್ತಿದ್ದೆ. ಪಕ್ಕದ ಮನೆಯವರು ಬಂದು ತರಗತಿಯ ಬಾಗಿಲಲ್ಲಿ ನಿಂತರು. ನಿಮ್ಮನೆಯವರಿಗೆ ಎದೆನೋವು ಎಂದರು. ನಾನು ಮನೆ ಮುಟ್ಟುವಷ್ಟರಲ್ಲಿ ನನ್ನ ಹೆಂಡತಿ ಹೋಗಿಬಿಟ್ಟಿದ್ದಳು. ಬೆಳಿಗ್ಗೆ ಅವಳು ನೆನೆಹಾಕಿದ್ದ ಹುರುಳಿಕಾಳನ್ನು ಯಾರೂ ಗಮನಿಸಲಿಲ್ಲ. ಮೂರನೇ ದಿನ ನೋಡಿದರೆ ಅದು ಪಾತ್ರೆಯಲ್ಲೇ ಮೊಳಕೆಯೊಡೆದಿತ್ತು.

ಮನೆಯಲ್ಲಿ ಸಾವಾದ ಮೇಲೆ ನಗು ಬರುವ ಸಂಗತಿಗಳು ನಿಂತುಹೋಗುತ್ತವೆ ಎಂದುಕೊಂಡಿದ್ದೆ. ಹಾಗೇನೂ ಆಗುವುದಿಲ್ಲ. ಅವು ತಮ್ಮ ಪಾಡಿಗೆ ನಡೆಯುತ್ತಲೇ ಇರುತ್ತವೆ. ನಗಬೇಕಾದವರು ತಡವಾಗಿ ನಗುತ್ತಾರೆ, ಅಷ್ಟೇ. ನಾನು ಕೆಲವು ವರ್ಷ ತಡವಾಗಿ ನಕ್ಕ ನಾಲ್ಕು ಸಂಗತಿಗಳು ಇವು.

ಎಮ್ಮೆ

ತಿಥಿ ಮುಗಿದ ಮೂರನೇ ದಿನ ಬೆಳಗಿನ ಜಾವ ಊರ ಕೆರೆಗೆ ಹೋದೆ. ಈಜಲು ಹೋದೆ ಎಂದರೆ ಸುಳ್ಳಾಗುತ್ತದೆ. ಯಾಕೆ ಹೋದೆ ಎಂಬುದು ಆಗಲೂ ಸರಿಯಾಗಿ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಉಟ್ಟ ಪಂಚೆಯಲ್ಲೇ ಎದೆಮಟ್ಟದ ನೀರಿನಲ್ಲಿ ನಿಂತಿದ್ದೆ.

"ಅಳಿಯಂದ್ರೇ!"

ಏರಿಯ ಮೇಲೆ ನನ್ನ ಮಾವ, ಹೆಂಡತಿಯ ತಂದೆ. ತಿಥಿಗೆ ಬಂದವರು ನಮ್ಮ ಮನೆಯಲ್ಲೇ ಉಳಿದಿದ್ದರು.

"ಏನು, ಇಷ್ಟೊತ್ಗೇ ನೀರಲ್ಲಿ?"

"ಈಜೋಣ ಅಂತ ಬಂದೆ ಮಾವ."

"ಪಂಚೆ ಉಟ್ಕಂಡಾ?"

"ಹೂಂ."

"ಹಂಗಾರೆ ಈಜಿ, ನೋಡ್ತೀನಿ" ಎಂದು ಕಲ್ಲಿನ ಮೇಲೆ ಕೂತರು.

ಈಜದೆ ಬೇರೆ ದಾರಿ ಇರಲಿಲ್ಲ. ಹೇಳಿದ ಮಾತು ಸುಳ್ಳಾಗಬಾರದೆಂದು ಮರುದಿನವೂ ಈಜಿದೆ. ಆಮೇಲೆ ದಿನವೂ.

ಒಂದು ವಾರ ಬಿಟ್ಟು ಮಾವ ತಮ್ಮೂರಿಗೆ ಹೋದರು. ಅದು ಎರಡು ಮೈಲಿ ಆಚೆ. ಹೋದ ಮರುದಿನ ಬೆಳಿಗ್ಗೆ ಐದೂವರೆಗೆ ಎಮ್ಮೆ ಹೊಡೆದುಕೊಂಡು ನಮ್ಮ ಕೆರೆಗೇ ಬಂದರು.

"ನಿಮ್ಮೂರಲ್ಲೂ ಕೆರೆ ಇದೆಯಲ್ಲ ಮಾವ?"

"ಐತೆ. ಈ ನೀರು ಎಮ್ಮೆಗೆ ಒಗ್ತದೆ."

ನಾನು ಆಚೆ ದಡ ಮುಟ್ಟಿ ಬರುವವರೆಗೂ ಅವರು ಎಮ್ಮೆಯ ಒಂದೇ ಪಕ್ಕೆಯನ್ನು ಉಜ್ಜುತ್ತಿದ್ದರು. ಕಣ್ಣು ನನ್ನ ಮೇಲೆ. ಎಮ್ಮೆಯ ಕೊರಳಲ್ಲಿ ಮೂರು ಮೊಳದ ಹಗ್ಗ. ಮಾವನ ಹೆಗಲಲ್ಲಿ ಬಾವಿ ಹಗ್ಗದ ಸುರುಳಿ, ಹದಿನೈದು ಮಾರಾದರೂ ಇತ್ತು. ಮಾವನಿಗೆ ಈಜು ಬರುವುದಿಲ್ಲ. ಹಗ್ಗ ಯಾಕೆ ಎಂದು ನಾನು ಕೇಳಲಿಲ್ಲ. ಪಂಚೆ ಯಾಕೆ ಎಂದು ಅವರೂ ಮತ್ತೆ ಕೇಳಲಿಲ್ಲ.

ಬಟ್ಟೆ ಒಗೆಯಲು ಬರುತ್ತಿದ್ದ ನಮ್ಮೂರ ಅಜ್ಜಿಯೊಬ್ಬಳು ಒಂದು ತಿಂಗಳು ಸುಮ್ಮನೆ ನೋಡಿದಳು. ಕೊನೆಗೆ ತಡೆಯಲಾರದೆ ಹೇಳಿದಳು: "ಸಾಕು ಬುಡಿ ಗೌಡ್ರೇ. ಇನ್ನೂ ಉಜ್ಜುದ್ರೆ ಅದು ಹಸ ಆಗ್ಬುಡ್ತದೆ."

ಟೆಂಪೊ

ಆಗ ಬಿಡದಿ ಕಡೆ ಒಂದಾದ ಮೇಲೊಂದು ಕಾರ್ಖಾನೆಗಳು ಏಳುತ್ತಿದ್ದವು. ಅಲ್ಲಿ ಕೆಲಸಕ್ಕಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸ್ಪರ್ಧೆಯ ಅರ್ಜಿ ತಂದುಕೊಟ್ಟ. ಮಾಗಡಿ ಕಡೆಯ ಕೆರೆಯೊಂದರಲ್ಲಿ ಸುಮಾರು ಎರಡು ಕಿಲೋಮೀಟರ್ ಈಜಬೇಕು. ಎದ್ದು ಬಂದು ತೊಂಬತ್ತು ಕಿಲೋಮೀಟರ್ ಸೈಕಲ್ ತುಳಿಯಬೇಕು. ಅದಾದ ಮೇಲೆ ಇಪ್ಪತ್ತೊಂದು ಕಿಲೋಮೀಟರ್ ಓಡಬೇಕು. ಬೆಳಿಗ್ಗೆ ಏಳಕ್ಕೆ ಶುರು, ಸಂಜೆ ಐದರೊಳಗೆ ಮುಗಿಯಬೇಕು.

"ಈಜು ಹೆಂಗೂ ಐತೆ, ಸ್ಕೂಲ್‌ಗೆ ಸೈಕಲ್‌ನಲ್ಲೇ ಹೋಯ್ತೀರಿ. ಓಡಾದೊಂದೇ ಬಾಕಿ ಸಾ" ಎಂದ.

ಸಂಜೆ ಓಡಲು ಹೋದರೆ ಮನೆಯ ಬೀಗ ತೆಗೆಯುವುದನ್ನು ಒಂದು ಗಂಟೆ ಮುಂದೆ ಹಾಕಬಹುದಲ್ಲ ಎಂದು ಒಪ್ಪಿಕೊಂಡೆ.

ನಮ್ಮ ಕಡೆ ರಸ್ತೆಯಲ್ಲಿ ದೊಡ್ಡವರು ಓಡುತ್ತಿದ್ದರೆ ಬಸ್ ತಪ್ಪಿಸಿಕೊಂಡಿದ್ದಾರೆ ಎಂದೇ ಲೆಕ್ಕ. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಇಳಿಸಿ ಬರುತ್ತಿದ್ದ ಟೆಂಪೊ ಒಂದು ನನ್ನ ಪಕ್ಕ ನಿಧಾನವಾಯಿತು.

"ಹತ್ಕಳಿ ಸಾ."

"ಬೇಡಪ್ಪ, ಓಡ್ತಾ ಇದೀನಿ."

"ಅದೇ, ಯಾಕ್ ಓಡ್ತೀರಿ? ನಾನಿಲ್ವಾ?"

ಹತ್ತು ನಿಮಿಷ ನನ್ನ ಪಕ್ಕದಲ್ಲೇ, ನನ್ನ ವೇಗದಲ್ಲೇ ಗಾಡಿ ಬಿಟ್ಟ. ಹಿಂದೆ ಎರಡು ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಅವುಗಳ ಮುಖ ನೋಡಿ ಹತ್ತಿದೆ. ಮೂರು ಕಿಲೋಮೀಟರ್ ದಾಟಿದ ಮೇಲೆ ಇಲ್ಲೇ ನಮ್ಮವರ ಮನೆ ಎಂದು ಸುಳ್ಳು ಹೇಳಿ ಇಳಿದೆ.

ಅಂದಿನ ಓಟದಲ್ಲಿ ಮೂರು ಕಿಲೋಮೀಟರ್ ಕಡಿಮೆ ಬಿತ್ತು. ಮನಸ್ಸು ಒಪ್ಪಲಿಲ್ಲ. ಹತ್ತಿದ ಜಾಗಕ್ಕೇ ವಾಪಸ್ ಓಡತೊಡಗಿದೆ. ಅರ್ಧ ದಾರಿಯಲ್ಲಿ ಹಿಂದಿನಿಂದ ಅದೇ ಟೆಂಪೊ ಬಂತು. ಪುಣ್ಯಾತ್ಮ ಕನ್ನಡಿಯಲ್ಲಿ ನನ್ನನ್ನು ನೋಡಿ ಗಾಡಿ ತಿರುಗಿಸಿದ್ದ.

"ಏನಾರ ಮರ್ತ್‌ಬುಟ್ರಾ ಸಾ? ಹತ್ಕಳಿ, ಹೋಗಿ ತಕ್ಕಂಡ್ ಬರವ."

ನಂಬರ್

ಸ್ಪರ್ಧೆಯ ಹಿಂದಿನ ದಿನ ಮಾಗಡಿಗೆ ಹೋಗಿ ಹೆಸರು ಬರೆಸಬೇಕಿತ್ತು. ಮೇಜಿನ ಹಿಂದೆ ಕೂತಿದ್ದ ಬೆಂಗಳೂರಿನ ಹುಡುಗಿ ಅರ್ಜಿಯ ಒಂದು ಸಾಲನ್ನು ತೋರಿಸಿದಳು. ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂಬ ಸಾಲನ್ನು ನಾನು ಖಾಲಿ ಬಿಟ್ಟಿದ್ದೆ. ಸ್ವಲ್ಪ ಹೊತ್ತು ಯೋಚಿಸಿ ಮಾವನ ಹೆಸರು ಬರೆದೆ.

"ಫೋನ್ ನಂಬರ್ ಸರ್?"

"ಅವರಿಗೆ ಫೋನ್ ಇಲ್ಲಮ್ಮ."

"ಮತ್ತೆ ನಾವು ಹೇಗೆ ತಿಳಿಸೋದು?"

"ತಿಳಿಸೋದು ಬೇಡ. ಅವರು ಅಲ್ಲೇ ಇರ್ತಾರೆ."

ಆಕೆ ನನ್ನ ಎರಡು ತೋಳಿನ ಮೇಲೂ ಅಳಿಸದ ಮಸಿಯಲ್ಲಿ 118 ಎಂದು ಬರೆದು ಕಳಿಸಿದಳು. ವಾಪಸ್ ಬರುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹಿರಿಯರು ಅದನ್ನೇ ನೋಡುತ್ತಿದ್ದರು.

"ಯಾವ ಫ್ಯಾಕ್ಟ್ರಿ?"

"ಫ್ಯಾಕ್ಟರಿ ಅಲ್ಲ ಯಜಮಾನರೇ, ಸ್ಪರ್ಧೆ."

"ಅದು ಇದ್ದಿದ್ದೇ. ನಮ್ ಜಮೀನ್ ತಕ್ಕಂಡಾಗ್ಲೂ ಮನೆಗೊಂದ್ ಕೆಲ್ಸ ಅಂದ್ರು, ಆಮ್ಯಾಕೆ ಪರೀಕ್ಷೆ ಅಂದ್ರು. ನಿಮಗೇನ್ ಪರೀಕ್ಷೆ ಮಡಗವ್ರೆ?"

ಈಜು, ಸೈಕಲ್, ಓಟ ಎಂದು ಕಿಲೋಮೀಟರ್ ಸಮೇತ ವಿವರಿಸಿದೆ. ಅವರು ನನ್ನ ನರೆತ ಕೂದಲನ್ನು ನೋಡಿದರು.

"ಇಷ್ಟೆಲ್ಲ ಮಾಡುದ್ರೆ ಪರ್ಮನೆಂಟಾ?"

"ಇಲ್ಲ, ನಾಳೆ ಒಂದೇ ದಿನ."

"ಥೂ" ಎಂದು ಕಿಟಕಿಯ ಕಡೆ ತಿರುಗಿದರು. "ಎಲ್ಲಾ ಕಂಟ್ರಾಕ್ಟೇ ಆಗೋಯ್ತು ಬುಡಿ."

ಕೆರೆ

ಮಾವ ಹಿಂದಿನ ದಿನವೇ ಬಂದು ಸ್ಪರ್ಧೆ ನಡೆಯುವ ಕೆರೆಯ ಪಕ್ಕದ ಗುಡಿಯ ಜಗಲಿಯಲ್ಲಿ ಮಲಗಿದ್ದರು. ಎಮ್ಮೆ ಇರಲಿಲ್ಲ. ಹಗ್ಗ ಇತ್ತು.

ಬೆಳಿಗ್ಗೆ ಏಳಕ್ಕೆ ಐದು ನಿಮಿಷವಿದೆ. ನೂರಕ್ಕೂ ಹೆಚ್ಚು ಗಂಡಸರು ದಡದಲ್ಲಿ ಸಾಲಾಗಿ ನಿಂತು ನೀರನ್ನೇ ದಿಟ್ಟಿಸುತ್ತಿದ್ದರು. ಮಾವ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದರು:

"ಇವ್ರೆಲ್ಲಾರ ಹೆಂಡ್ರೂ ಹೋಗ್ಬುಟ್ಟವ್ರಾ ಅಳಿಯಂದ್ರೇ?"

ಎಂಟು ತಿಂಗಳಿಂದ ನಾವಿಬ್ಬರೂ ಬಾಯಿಬಿಟ್ಟು ಆಡದಿದ್ದ ಮಾತು ಅದು.

"ಇಲ್ಲ ಮಾವ. ಅವರು ಈಜೋಕೆ ಬಂದಿದ್ದಾರೆ."

"ನೀವು?"

"ನಾನೂ ಈಜೋಕೇ ಬಂದಿದೀನಿ."

ಮೊದಲ ದಿನ ಪಂಚೆಯಲ್ಲಿ ನಿಂತು ಹೇಳಿದ್ದೂ ಇದನ್ನೇ. ಮಾವ ನನ್ನ ಮುಖ ನೋಡಿದರು. ತೋಳು ಬಿಟ್ಟರು. ಸೀಟಿ ಊದಿದರು.

ಎಂಟು ಗಂಟೆಯ ಹೊತ್ತಿಗೆ ನೀರಿನಿಂದ ಎದ್ದೆ. ಸೈಕಲ್ಲಿಗೆ ಕ್ಯಾರಿಯರ್, ಸ್ಟ್ಯಾಂಡ್, ಬೆಲ್ ಎಲ್ಲ ಇದ್ದವು. ಮಾಗಡಿಯ ಏರುಗಳಲ್ಲಿ ಇಳಿದು ತಳ್ಳಿದೆ. ಓಟದ ಕೊನೆಯ ಐದು ಕಿಲೋಮೀಟರನ್ನು ಓಟ ಎಂದು ಬರೆದರೆ ತಪ್ಪಾಗುತ್ತದೆ. ಐದಕ್ಕೆ ಇನ್ನು ಆರು ನಿಮಿಷವಿರುವಾಗ ಗೆರೆ ದಾಟಿದೆ. ನನ್ನ ಹಿಂದೆ ಯಾರೂ ಇರಲಿಲ್ಲ. ಶಾಮಿಯಾನ ಬಿಚ್ಚುತ್ತಿದ್ದರು. ಮಾವ ನನ್ನ ಚಪ್ಪಲಿ ಕೈಯಲ್ಲಿ ಹಿಡಿದು, ಬೆಳಿಗ್ಗೆ ನಿಂತಿದ್ದಲ್ಲೇ ನಿಂತಿದ್ದರು.

"ಮುಗೀತು ಮಾವ" ಎಂದೆ.

"ನಂಗೆ ಬೆಳಗ್ಗೆ ಎಂಟಕ್ಕೇ ಮುಗ್ದೋಗಿತ್ತು" ಎಂದರು. "ನೀರಿಂದ ಎದ್ದು ಬಂದ್ರಲ್ಲ, ಸಾಕಾಗಿತ್ತು. ಆಮ್ಯಾಕೆ ಸಂಜೆಗಂಟ ಅದೇನ್ ಮಾಡುದ್ರಿ?"

ಮರುದಿನ ಮೊಣಕಾಲು ಬಗ್ಗುತ್ತಿರಲಿಲ್ಲ. ಆದರೂ ಐದೂವರೆಗೆ ನಮ್ಮೂರ ಕೆರೆಗೆ ಹೋದೆ.

ಎಮ್ಮೆ ಬಂದಿರಲಿಲ್ಲ.