ಕಿಟಕಿಗೆ ಅಂಟಿದ ಶಿವ

ದೇವರನ್ನು ನಂಬುವವರು ಪೇಂಟರನ್ನೂ ಒಂದಿಷ್ಟು ನಂಬಬೇಕು. ನನ್ನ ನಂಬಿಕೆಯೆಲ್ಲ ಮೊದಲನೆಯ ಕಡೆಗೇ ಖರ್ಚಾಗಿಬಿಟ್ಟಿದೆ. ಸವಳಂಗ ರಸ್ತೆಯ ನಮ್ಮ ಮನೆಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ದೇವರ ಕೋಣೆಯ ಪೂರ್ವದ ಕಿಟಕಿಯೊಂದನ್ನು ಬಿಟ್ಟು. ಬೆಳಿಗ್ಗೆ ಪೂಜೆಗೆ ಕೂತರೆ ಬಿಸಿಲು ನೇರ ಅಂಗೈಯ ಲಿಂಗದ ಮೇಲೆ ಬೀಳುತ್ತದೆ. ಅಷ್ಟು ಸಾಕು ನನಗೆ. ಹಿಂದಿನ ಸಲ ಬಣ್ಣ ಹೊಡೆಸಿದಾಗ ಆ ಗಾಜಿನ ತುಂಬ ಚುಕ್ಕೆ, ಕೆರೆಯಹೋಗಿ ಗೀರು ಬೇರೆ, ಗಾಜನ್ನೇ ಬದಲಿಸಬೇಕಾಯಿತು. ಈ ಸಲ ಒಂದು ಹನಿಯೂ ಬೀಳಕೂಡದೆಂದು ಪಣ ತೊಟ್ಟೆ.

“ಟೇಪ್ ಹೊಡೆದು ಪ್ಲಾಸ್ಟಿಕ್ ಕಟ್ತೀನಿ, ಬಿಡಮ್ಮಾ,” ಎಂದ ಪೇಂಟರ್ ಮುರುಗೇಶ. ನಾನು ಕೇಳಲಿಲ್ಲ. ಭದ್ರಾವತಿಯ ಓಲ್ಡ್ ಟೌನಿನಿಂದ ನಾದಿನಿ ಗಿರಿಜಾಳನ್ನು ಕರೆಸಿ, ಮೈದಾ ಅಂಟು ಕಾಯಿಸಿ, ಗಾಜಿಗೆಲ್ಲ ಹಳೆ ಪೇಪರ್ ಮೆತ್ತಿದೆವು. ಸಾಲದೆಂದು ಏಣಿಯ ಕೆಳಗೆ ನಿಂತು, ಕನ್ನಡಕ ಏರಿಸಿ, ಕತ್ತೆತ್ತಿ, ಅವನ ಬ್ರಷ್ಷನ್ನೇ ಕಾದೆ.

ಬಣ್ಣ ಒಣಗಿತು. ಉಳಿದ ಕಿಟಕಿಗಳ ಪೇಪರ್ ತೆಗೆದ ಮುರುಗೇಶ ದೇವರ ಕೋಣೆಗೆ ಬಂದು ಕೆರೆಯುವ ತಗಡು ಎತ್ತಿದ. “ನಿಲ್ಸಪ್ಪಾ!” ಎಂದು ಕೂಗಿದೆ. ಗಾಜಿನ ತುಂಬ ಸಾಕ್ಷಾತ್ ಶಿವ! ಗಿರಿಜಾ ಶಿವರಾತ್ರಿಯ ಪುರವಣಿಯನ್ನೇ ಮೆತ್ತಿದ್ದಳು.

“ಏನ್ ಮಾರಾಯ್ತಿ ಇದು?”

“ದೇವರ ಕೋಣೆ ಅಲ್ವಾ ಅತ್ತಿಗೆ, ಕುಕ್ಕರ್ ಜಾಹೀರಾತು ಅಂಟಿಸ್ಲಾ?”

ಶಿವನ ಮುಖಕ್ಕೆ ತಗಡು ಹಾಕಿಸುವುದೆ? ಬಿಟ್ಟರೆ ಬಿಸಿಲಿಲ್ಲ. ಮರುದಿನ ಟ್ಯೂಬ್‌ಲೈಟ್ ಹಾಕಿಕೊಂಡು ಪೂಜೆಗೆ ಕೂತೆ, ಆಸ್ಪತ್ರೆಯಲ್ಲಿ ಕೂತಂತಾಯಿತು. ನನ್ನ ಮುಖ ನೋಡಲಾರದೆ ಗಿರಿಜಾಳೇ, “ಅಭಿಷೇಕ ಅಂದ್ರೆ ಅವನಿಗಿಷ್ಟ ತಾನೆ? ಮಾಡ್ಬಿಡಿ ಅತ್ತಿಗೆ” ಎಂದು ಕೆಳಗೆ ಹರಿವಾಣ ಹಿಡಿದಳು. ಪಂಚಾಕ್ಷರಿ ಹೇಳುತ್ತ ತಂಬಿಗೆಯಿಂದ ಬೆಚ್ಚನೆಯ ನೀರು ಸುರಿದೆ. ಮುರುಗೇಶ ಕೈಮುಗಿದು ನಿಂತ. ಶಿವ ಒಂದು ಚೂರೂ ಹರಿಯದೆ ನನ್ನ ಕೈಗಿಳಿದ. ಹಿಂದೆಯೇ ಬಿಸಿಲೂ ಇಳಿಯಿತು.

ಬಿಸಿಲಿನಲ್ಲಿ ಒಂದು ಬಿಳಿ ಚುಕ್ಕೆ! “ಅಷ್ಟು ಹೇಳಿದ್ನಲ್ಲಪ್ಪಾ!” ಎಂದು ಮುರುಗೇಶನ ಮೇಲೆ ಹರಿಹಾಯ್ದೆ. ಪಾಪ, ಅವನು ಗಾಜು ತಿಕ್ಕಿದ. ಹೋಗಲಿಲ್ಲ. ಆಮೇಲೆ ನೋಡುತ್ತೇನೆ, ಚುಕ್ಕೆ ಗಾಜು ಬಿಟ್ಟು ಗೋಡೆಗೆ ಬಂತು, ಗೋಡೆಯಿಂದ ಗಿರಿಜಾಳ ಮೂಗಿಗೆ ಬಂತು. ಅವಳು ನನ್ನ ಕನ್ನಡಕ ತೆಗೆದು ಸೆರಗಿನಿಂದ ಉಜ್ಜತೊಡಗಿದಳು.

“ಇದಕ್ಕೂ ಮೈದಾ ಹಚ್ಬೇಕಿತ್ತಮ್ಮಾ,” ಎಂದ ಮುರುಗೇಶ.

ಕೆರೆದರೆ ಗೀರು ಬೀಳುತ್ತದೆಂದು ಕನ್ನಡಕದ ಚುಕ್ಕೆಯನ್ನು ಹಾಗೇ ಬಿಟ್ಟಿದ್ದೇನೆ. ಪೂಜೆಗೆ ಕೂತಾಗ ಅದು ಸರಿಯಾಗಿ ಲಿಂಗದ ಮೇಲೆಯೇ ಬಂದು ಕೂರುತ್ತದೆ. ಇರಲಿ, ವಿಭೂತಿ ಒಂದು ಬೊಟ್ಟು ಹೆಚ್ಚಾದರೆ ಶಿವ ಬೇಡವೆನ್ನುವವನಲ್ಲ.