ಫ್ರಿಜ್ಜಿನಿಂದ ಬಂದ ಟುಲಿಪ್

ದುಬೈಯಲ್ಲಿ ಮೇ ತಿಂಗಳಲ್ಲಿ ನೆಗಡಿ ಬರಿಸಿಕೊಳ್ಳುವುದು ಎಲ್ಲರಿಂದ ಆಗುವ ಕೆಲಸ ಅಲ್ಲ ಮಾರಾಯ್ರೆ! ಹೊರಗೆ ಕಾಲಿಟ್ಟರೆ ಚಪ್ಪಲಿಯ ಅಂಟು ಬಿಡುವಂಥ ಬಿಸಿಲು. ಅಂಥದ್ದರಲ್ಲಿ ತಲೆಗೆ ಮಂಕಿ ಕ್ಯಾಪು, ಕುತ್ತಿಗೆಗೆ ಮಫ್ಲರು, ಮೂಗಿಗೆ ಕರ್ಚೀಫು ಒತ್ತಿಕೊಂಡು ಸೀನುತ್ತಾ ಬಾಗಿಲು ತೆಗೆಯುವ ಗಂಡಸು ಇಡೀ ಅಲ್ ನಹ್ದಾ ಬಡಾವಣೆಯಲ್ಲಿ ಒಬ್ಬರೇ. ನನ್ನ ಭಾವ, ಅಂದರೆ ಅಕ್ಕನ ಗಂಡ. ಊರು ಕಾರ್ಕಳ, ಉದ್ಯೋಗ ಟೈಲ್ಸ್ ಕಂಪನಿಯಲ್ಲಿ ಸೇಲ್ಸ್, ವ್ಯಸನ ಟುಲಿಪ್.

ಹೌದು, ಟುಲಿಪ್ಪೇ. ಹಿಮ ಬೀಳುವ ದೇಶಗಳಲ್ಲಿ ಮಣ್ಣಿನಡಿ ತಿಂಗಳುಗಟ್ಟಲೆ ಚಳಿ ತಿಂದು ಮೇಲೆ ಬರುವ ಹೂವು. ಅದನ್ನು ಮರುಭೂಮಿಯ ಆರನೆಯ ಮಹಡಿಯಲ್ಲಿ ಬೆಳೆಸುತ್ತೇನೆ ಅಂತ ಹೊರಟವರನ್ನು ನೀವು ಎಂತ ಅಂತ ಕರೆಯುತ್ತೀರಿ? ನನ್ನ ಹೆಂಡತಿ ಕರೆಯುವುದನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾನು ಮಾತ್ರ ಒಳಗೊಳಗೇ ಅವರ ಅಭಿಮಾನಿ. ಈ ಮಾತು ಅವರಿಗೆ ಹೇಳಬೇಡಿ, ಹೇಳಿದರೆ ನನಗೂ ನಾಲ್ಕು ಗಡ್ಡೆ ಕೊಟ್ಟು ಕಳಿಸುತ್ತಾರೆ.

ಇಲ್ಲಿ ನಮ್ಮವರ ಬಾಲ್ಕನಿ ಹೇಗಿರುತ್ತದೆ ಅಂತ ಗೊತ್ತೇ ಉಂಟಲ್ಲ. ಒಂದು ತುಳಸಿ, ಒಂದು ಕರಿಬೇವು, ಡಿಶ್ ಆಂಟೆನಾಕ್ಕೆ ಸುತ್ತಿಕೊಂಡ ಬಸಳೆ. ಪುಣ್ಯವಿದ್ದವರಿಗೆ ಮಲ್ಲಿಗೆ. ಭಾವನ ಬಾಲ್ಕನಿಯಲ್ಲಿ ಇದೊಂದೂ ಇಲ್ಲ. ಎದುರು ಫ್ಲಾಟಿನ ಮಂಗಳೂರಿನ ಆಂಟಿ ಒಮ್ಮೆ ಪ್ರೀತಿಯಿಂದ ಬಸಳೆಯ ದಂಟು ತಂದುಕೊಟ್ಟರೆ ಭಾವ ಕೈಯಲ್ಲೂ ಮುಟ್ಟಲಿಲ್ಲ.

"ಬಸಳೆ ನೆಟ್ಟರೆ ಬಂದೇ ಬರ್ತದೆ ಆಂಟಿ. ಬರುವುದನ್ನು ಬರಿಸುವುದರಲ್ಲಿ ಎಂತ ಉಂಟು?"

ಆಂಟಿ ಪಾಪ, "ಸಾರಿ" ಅಂತ ಹೇಳಿ ಹೊರಟರು! ಅಕ್ಕ ಲಿಫ್ಟಿನ ಹತ್ತಿರದವರೆಗೆ ಓಡಿ ಆ ದಂಟನ್ನು ಇಸಿದುಕೊಂಡು ಬಂದು ಸಾಂಬಾರು ಮಾಡಿದಳು. ಭಾವ ಎರಡು ಸಲ ಬಡಿಸಿಕೊಂಡರು. ಕೇಳಿದರೆ, "ತಿನ್ನುವುದಕ್ಕೆ ನನ್ನ ವಿರೋಧ ಇಲ್ಲ" ಎಂದರು.

ಈ ಹುಚ್ಚಿನ ಮೂಲ ನನ್ನ ಅಕ್ಕ. ಅವಳು ನರ್ಸ್. ಮದುವೆಯಾಗಿ ದುಬೈಗೆ ಬಂದ ಹೊಸದರಲ್ಲಿ ಅವಳ ಆಸ್ಪತ್ರೆಯ ಗೋಡೆಯ ಮೇಲೆ ಯಾವುದೋ ಔಷಧಿ ಕಂಪನಿಯ ಕ್ಯಾಲೆಂಡರ್ ಇತ್ತಂತೆ, ಅದರಲ್ಲಿ ಕಣ್ಣು ಹಾಯಿಸಿದಷ್ಟು ದೂರ ಟುಲಿಪ್ ಹೊಲ. ಡ್ಯೂಟಿ ಮುಗಿದ ಮೇಲೆ ಕರೆದುಕೊಂಡು ಹೋಗಲಿಕ್ಕೆ ಬಂದ ಭಾವನಿಗೆ ಅದನ್ನು ತೋರಿಸಿ ಅಕ್ಕ, "ಒಮ್ಮೆ ಇದನ್ನು ಕಣ್ಣಾರೆ ನೋಡಬೇಕು" ಅಂದಳಂತೆ. ಹೊಸ ಗಂಡ, ಕೇಳಬೇಕಾ? "ಬರುವ ವೆಕೇಶನಿಗೆ ಹಾಲೆಂಡು!" ಎಂದುಬಿಟ್ಟರಂತೆ.

ಗಲ್ಫಿನವರ ವೆಕೇಶನ್ ಅಂದರೆ ಎಂತ ಅಂತ ನಿಮಗೆ ಬಿಡಿಸಿ ಹೇಳಬೇಕಾ? ಆ ವರ್ಷ ಭಾವನ ತಂಗಿಯ ಮದುವೆ. ಮರುವರ್ಷ ಅತ್ತೆಯ ಕಣ್ಣಿನ ಆಪರೇಷನ್. ಆಮೇಲೆ ಗೃಹಪ್ರವೇಶ, ನಾಗಪ್ರತಿಷ್ಠೆ, ಕುಟುಂಬದ ದೈವದ ಕೋಲ, ನಡುವೆ ನನ್ನದೂ ಒಂದು ಮದುವೆ. ಪ್ರತಿ ವರ್ಷ ಹಾಲೆಂಡಿಗೆ ಹೊರಟ ಇಬ್ಬರೂ ಮಂಗಳೂರಿನ ಬಜ್ಪೆಯಲ್ಲಿ ಇಳಿಯುತ್ತಿದ್ದರು! ಅಕ್ಕ ಒಂದು ದಿನ, "ಎಲ್ಲಿ ಹೋಯಿತು ನಿಮ್ಮ ಹಾಲೆಂಡು?" ಎಂದು ಜಗಳ ತೆಗೆದಿದ್ದರೆ ಭಾವ ಏನಾದರೂ ಸಬೂಬು ಹೇಳಿ ಬಚಾವಾಗುತ್ತಿದ್ದರು. ಅವಳು ಕೇಳಲೇ ಇಲ್ಲ. ಅದೇ ಅವರನ್ನು ಕೊರೆಯಿತು.

"ನಾವು ಅಲ್ಲಿಗೆ ಹೋಗ್ಲಿಕ್ಕೆ ಆಗ್ಲಿಲ್ಲ, ಅದೇ ಇಲ್ಲಿಗೆ ಬರ್ಲಿ" ಎಂದು ಒಂದು ದಿನ ನನ್ನೆದುರು ತೀರ್ಮಾನ ಕೊಟ್ಟರು. "ಹೊಲ ಬೇಡ ಮಾರಾಯ. ಒಂದೇ ಒಂದು ಹೂವು. ಅವಳು ಕಣ್ಣಾರೆ ನೋಡಿದರೆ ಸಾಕು."

ಅಲ್ಲಿಂದ ಶುರುವಾಯಿತು ನೋಡಿ. ಮೊದಲು ಮನೆ ಬದಲಾಯಿಸಿದರು. ಬೇಕಾದ್ದು "ಚಿಲ್ಲರ್ ಫ್ರೀ" ಮನೆ. ಅಂದರೆ ಏಸಿಯ ಖರ್ಚು ಬಾಡಿಗೆಯೊಳಗೇ ಬರುವಂಥದ್ದು, ಹಗಲೂ ರಾತ್ರಿ ಎಷ್ಟು ತಂಪು ಮಾಡಿಕೊಂಡರೂ ಕೇಳುವವರಿಲ್ಲ. ಮನೆ ತೋರಿಸಲು ಬಂದ ಮಲಯಾಳಿ ಏಜೆಂಟು ಕಿಚನ್ ನೋಡಿ ಸಾರ್, ಪಾರ್ಕಿಂಗ್ ನೋಡಿ ಸಾರ್ ಅಂತ ಬಡಕೊಂಡರೂ ಭಾವ ಒಂದನ್ನೂ ನೋಡಲಿಲ್ಲ. ಸೀದಾ ಸಣ್ಣ ಬೆಡ್‌ರೂಮಿಗೆ ಹೋಗಿ, ಕುರ್ಚಿಯ ಮೇಲೆ ಹತ್ತಿ, ಏಸಿಯ ಬಾಯಿಗೆ ಥರ್ಮಾಮೀಟರ್ ಹಿಡಿದು ಕಣ್ಣು ಮುಚ್ಚಿ ನಿಂತರು. ಏಜೆಂಟಿಗೆ ಗಾಬರಿ. ಮಾತಿಗೆ ಮಾತು ಬೇಕಲ್ಲ ಎಂದು, "ಫ್ಯಾಮಿಲಿ ಊರಲ್ಲಿದ್ದಾರಾ ಸಾರ್?" ಎಂದ.

"ಇಲ್ಲ. ಹೆಂಡತಿ ಡ್ಯೂಟಿಯಲ್ಲಿದ್ದಾಳೆ. ಉಳಿದವರೆಲ್ಲ ಫ್ರಿಜ್ಜಿನಲ್ಲಿದ್ದಾರೆ."

ಏಜೆಂಟು ಅಲ್ಲೇ ಅಗ್ರಿಮೆಂಟಿಗೆ ಸಹಿ ಹಾಕಿಸಿಕೊಂಡು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದ.

ಫ್ರಿಜ್ಜಿನಲ್ಲಿ ಇದ್ದದ್ದು ಟುಲಿಪ್ ಗಡ್ಡೆ. ಮಣ್ಣಿಗೆ ಹೋಗುವ ಮೊದಲು ಅದು ಮೂರು ತಿಂಗಳು ಚಳಿಯಲ್ಲಿ ಮಲಗಬೇಕು. ನೋಡಲಿಕ್ಕೆ ಥೇಟ್ ನೀರುಳ್ಳಿ. ಈಗ ಯಾರೋ ಅದನ್ನು ಕೊಚ್ಚಿ ಒಗ್ಗರಣೆಗೆ ಹಾಕಿದ ಕಥೆ ಬರುತ್ತದೆ ಅಂತ ಕಾಯುತ್ತಿದ್ದೀರಿ ಅಲ್ವಾ? ಬರುವುದಿಲ್ಲ! ಭಾವ ಎಂಥ ಜನ! ಚೀಲದ ಮೇಲೆ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ "ವಿಷ" ಎಂದು ಬರೆದು ಕೆಳಗೆ ತಲೆಬುರುಡೆಯ ಚಿತ್ರ ಬಿಡಿಸಿದ್ದರು. ಅದನ್ನು ನೋಡಿದ ನನ್ನ ಹೆಂಡತಿ ಆ ಮನೆಯ ಫ್ರಿಜ್ಜಿನಿಂದ ತೆಗೆದ ನೀರನ್ನೂ ಆ ದಿನ ಕುಡಿಯಲಿಲ್ಲ.

ನಿಜವಾದ ಶತ್ರು ನೀರುಳ್ಳಿ ಅಲ್ಲ, ಹಣ್ಣು. ಹಣ್ಣಾಗುವ ಹಣ್ಣಿನಿಂದ ಏನೋ ಒಂದು ಗಾಳಿ ಹೊರಡುತ್ತದಂತೆ, ಅದು ತಾಗಿದರೆ ಗಡ್ಡೆಯೊಳಗಿನ ಮೊಗ್ಗು ಅಲ್ಲೇ ಸಾಯುತ್ತದಂತೆ. ಒಂದು ವರ್ಷ ಪಕ್ಕದಲ್ಲಿದ್ದ ಸೇಬಿನಿಂದ ಹಾಗೇ ಆಯಿತು. ಅವತ್ತಿನಿಂದ ಮನೆಯೊಳಗೆ ಹಣ್ಣಿಗೆ ಪ್ರವೇಶ ಇಲ್ಲ! ನೆಂಟರು ಬಾಳೆಹಣ್ಣು ತಂದರೆ ಬಾಗಿಲಲ್ಲೇ ವಶ. ಊರಿಂದ ಯಾರೋ ಮುಂಡಪ್ಪ ಮಾವಿನಹಣ್ಣು ತಂದಾಗ ಅಕ್ಕ ಮತ್ತು ನಾನು ಕಾರಿಡಾರಿನಲ್ಲಿ, ಲಿಫ್ಟಿನ ಎದುರು, ಪೇಪರ್ ಹಾಸಿ ಕೂತು ತಿಂದೆವು. ಲಿಫ್ಟಿನ ಬಾಗಿಲು ತೆರೆದಾಗೆಲ್ಲ ಒಳಗಿದ್ದವರು ನಮ್ಮನ್ನು ನೋಡುತ್ತಿದ್ದರು, ನಾವು ಗೊರಟು ಚೀಪುತ್ತಾ ಅವರನ್ನು ನೋಡುತ್ತಿದ್ದೆವು. ಈಜಿಪ್ಟಿನವರೊಬ್ಬರಂತೂ ನಮ್ಮನ್ನು ಮನೆಯಿಂದ ಹೊರಗೆ ಹಾಕಿದ್ದಾರೆಂದು ತಿಳಿದು ನೀರಿನ ಬಾಟಲಿ ಕೊಟ್ಟು ಹೋದರು.

ಗುರುವಾರ ಸಂಜೆ ನಾನು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಿಂದ ಹೊರಟು ಅಕ್ಕನ ಮನೆಗೆ ಬಂದರೆ ನನಗೆ ಮಲಗಲು ಜಾಗ ಅದೇ ಸಣ್ಣ ಬೆಡ್‌ರೂಮು, ಸುತ್ತ ಕುಂಡಗಳು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಒಂದು ಬೆಳಿಗ್ಗೆ ಭಾವ ಬಾಗಿಲು ತೆಗೆದು ಮಮತೆಯಿಂದ, "ನಿದ್ದೆ ಬಂತಾ?" ಎಂದರು.

"ಎಲ್ಲಿಯ ನಿದ್ದೆ ಭಾವ!"

"ನಿನ್ನನ್ನಲ್ಲ" ಎಂದು ಕುಂಡಗಳ ಕಡೆ ಬಗ್ಗಿದರು.

ಆದರೆ ಹೂವು? ಹೂವು ಬರಲಿಲ್ಲ. ಒಂದು ವರ್ಷ ಗಡ್ಡೆ ಕೊಳೆಯಿತು, ಒಂದು ವರ್ಷ ಬೂಷ್ಟು ಹಿಡಿಯಿತು. ಇನ್ನೊಂದು ವರ್ಷ ಹಸಿರು ಎಲೆ ಚಿಗುರಿದ್ದೇ ತಡ, ಭಾವ ಖುಷಿಯಲ್ಲಿ ಗೋಳಿಬಜೆ ಮಾಡಿಸಿ ಗೆಳೆಯರನ್ನೆಲ್ಲ ಕರೆದರು. ಬೆಂಗಳೂರಿನ ಒಬ್ಬ ಐಟಿ ಹುಡುಗ ಕುಂಡವನ್ನು ಹಿಂದೆ ಮುಂದೆ ನೋಡಿ, "ಸ್ಪ್ರಿಂಗ್ ಆನಿಯನ್ ಸಖತ್ತಾಗಿ ಬಂದಿದೆ ಸಾರ್" ಎಂದ. ಭಾವ ಅವನ ಎದುರಿನ ಗೋಳಿಬಜೆ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದರು.

ಹೀಗೇ ವರ್ಷಗಳು ಕಳೆದವು. ಅಕ್ಕನದೂ ಭಾವನದೂ ನೌಕರಿ ಮುಗಿಯುವ ವರ್ಷ ಬಂದೇಬಿಟ್ಟಿತು. ಜೂನಿನಲ್ಲಿ ವೀಸಾ ಖಲಾಸ್, ಇಬ್ಬರೂ ಊರಿಗೆ. ಕಾರ್ಕಳದಲ್ಲಿ ಚಿಲ್ಲರ್ ಫ್ರೀ ಮನೆ ಯಾರು ಕೊಡುತ್ತಾರೆ? ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಲ್ಲಿ ಫ್ರಿಜ್ಜನ್ನು ನಂಬಿ ಕೂರುವುದಾ? ಈ ಸಲ ಆಗದಿದ್ದರೆ ಇನ್ನು ಇಲ್ಲ. ಭಾವ ಸಪ್ಪಗಾಗಿದ್ದರು. ಜನವರಿಯಲ್ಲಿ ಗೆಳೆಯರೊಬ್ಬರು ಯುರೋಪಿನಿಂದ ತಂದುಕೊಟ್ಟ ಗಡ್ಡೆಗಳನ್ನು ಫ್ರಿಜ್ಜಿನಲ್ಲಿ ಮಲಗಿಸಿ, ಎಬ್ಬಿಸಿ, ಏಪ್ರಿಲಿನಲ್ಲಿ ನೆಟ್ಟರು. ಅದರಲ್ಲಿ ಒಂದು, ಒಂದೇ ಒಂದು, ಮೊಗ್ಗು ಬಿಟ್ಟಿತು!

ಮೊಗ್ಗಿಗೆ ಕೆಂಪು ಬಣ್ಣವೂ ಬಂತು. ಆಮೇಲೆ ಬಾಯಿ ಬಿಗಿದುಕೊಂಡು ಕೂತಿತು ನೋಡಿ, ಅರಳುವ ಸುದ್ದಿಯೇ ಇಲ್ಲ. ಚಳಿ ಕಡಿಮೆಯಾಯಿತೋ ಏನೋ ಎಂದು ಭಾವ ಏಸಿ ಇನ್ನಷ್ಟು ಏರಿಸಿದರು. ಅಕ್ಕ ಡ್ಯೂಟಿಗೆ ಹೋಗುವಾಗ, ಬರುವಾಗ ಒಂದೇ ರಾಗ: "ಏಸಿ ಸ್ವಲ್ಪ ಕಡಿಮೆ ಮಾಡಿ." ಭಾವ ಅವಳ ಹೆಗಲಿಗೆ ಒಂದು ಶಾಲು ಹೊದೆಸಿ ವಾಪಸು ಕುಂಡದ ಹತ್ತಿರ ಹೋಗುತ್ತಿದ್ದರು.

ಅಷ್ಟರಲ್ಲಿ ಮೇ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಇಡೀ ಕಟ್ಟಡದ ಚಿಲ್ಲರ್ ಕೆಟ್ಟಿತು!

ಅಕ್ಕ ಡ್ಯೂಟಿಗೆ ಹೋಗಿ ಆಗಿತ್ತು, ಮನೆಯಲ್ಲಿ ಭಾವ ಮತ್ತು ಹಿಂದಿನ ಸಂಜೆ ಬಂದ ನಾನು. ವಾಚ್‌ಮನ್ ಹತ್ತಿರ ಕೇಳಿದರೆ, "ಇವತ್ತು ಜುಮ್ಮಾ ಸಾಬ್, ಮೆಕ್ಯಾನಿಕ್ ಬರುವಾಗ ಸಂಜೆ ಆಗ್ತದೆ" ಎಂದ. ಗೋಡೆಗಳು ಕಾಯತೊಡಗಿದವು. ಭಾವ ಮಂಕಿ ಕ್ಯಾಪ್ ಕಿತ್ತೆಸೆದು, ಕುಂಡದ ಸುತ್ತ ಐಸ್ ಪ್ಯಾಕೆಟ್ ಇಟ್ಟು, ನನ್ನ ಕೈಗೊಂದು ಬೀಸಣಿಗೆ ಕೊಟ್ಟರು. ನಾನು ಬೀಸಿದೆ. ಐಸು ಕರಗಿತು. ಭಾವ ನೆಲದ ಮೇಲೆ ಕೂತುಬಿಟ್ಟರು.

"ಹೋಯ್ತು ಮಾರಾಯ. ಇನ್ನು ಅವಳಿಗೆ ಎಂತ ತೋರಿಸುವುದು ನಾನು?" ಎಂದರು. ಅವರ ದನಿ ಹಾಗೆ ಒಡೆದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನಾನು ಬೀಸುತ್ತಲೇ ಇದ್ದೆ. ಬೀಸುತ್ತಾ ನೋಡುತ್ತೇನೆ, ಮೊಗ್ಗಿನ ತುದಿ ಸ್ವಲ್ಪ ಬಿಟ್ಟಿದೆ!

"ಭಾವ, ಇಲ್ಲಿ ನೋಡಿ."

ಭಾವ ನೋಡಿದರು. ಸೆಖೆ ಏರಿದ ಹಾಗೆ ಎಸಳು ಬಿಡಿಸಿಕೊಳ್ಳುತ್ತಾ ಹೋಯಿತು. ನಾವಿಬ್ಬರೂ ಬೆವರಿನಲ್ಲಿ ತೊಯ್ದು ಉಸಿರು ಬಿಗಿಹಿಡಿದು ಕೂತಿದ್ದ ಹಾಗೆಯೇ, ಕೆಂಪಗೆ, ಹೊಟ್ಟೆಯಲ್ಲೊಂದು ಹಳದಿ ನಕ್ಷತ್ರ ಇಟ್ಟುಕೊಂಡು, ಟುಲಿಪ್ ಪೂರ್ತಿ ಅರಳಿತು. ಇಷ್ಟು ದಿನ ಅದಕ್ಕೆ ಬೇಕಾಗಿದ್ದದ್ದು ಚೂರು ಬಿಸಿ! ಭಾವ ಕುಣಿಯಲೂ ಇಲ್ಲ, ಕೂಗಲೂ ಇಲ್ಲ.

"ಕಾರು ತೆಗಿ. ಈ ಸೆಖೆಯಲ್ಲಿ ಸಂಜೆಯೊಳಗೆ ಎಸಳು ಉದುರಿ ಖಲಾಸ್. ಅವಳ ಆಸ್ಪತ್ರೆಗೆ ಹೋಗುವ" ಎಂದರು.

ಭಾವ ಮುಂದಿನ ಸೀಟಿನಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಅಭ್ಯಾಸಬಲದಿಂದ ಏಸಿ ಹಾಕಿದೆ. ಸ್ವಲ್ಪ ದೂರ ಹೋಗುವುದರೊಳಗೆ ಭಾವ ಬೊಬ್ಬೆ ಹೊಡೆದರು: "ಮುಚ್ತಾ ಉಂಟು! ಮುಚ್ತಾ ಉಂಟು! ಬಂದ್ ಮಾಡು!" ನೋಡಿದರೆ ಹೌದು, ಎಸಳುಗಳು ಒಳಗೆ ಸೇರುತ್ತಿವೆ. "ಅಲ್ಲಿ ಹೋದ ಮೇಲೆ ಮತ್ತೆ ತೆರೀತದೆ ಭಾವ" ಎಂದೆ. "ತೆರೆಯದಿದ್ದರೆ?" ಎಂದರು. ಮೇ ತಿಂಗಳ ಮಧ್ಯಾಹ್ನ, ದುಬೈಯ ರಸ್ತೆ, ಏಸಿ ಇಲ್ಲ, ಗಾಳಿಗೆ ಎಸಳು ಹಾರೀತೆಂದು ಕಿಟಕಿಯೂ ಬಂದ್! ನಾವಿಬ್ಬರು ಬೆಂದೇ ಹೋದೆವು, ಹೂವು ಮಾತ್ರ ಮತ್ತೆ ಅರಳಿ ಆರಾಮಾಗಿ ಕೂತಿತ್ತು.

ವಾರ್ಡಿಗೆ ಫೋನು ಮಾಡಿ ಹೇಳಿದ್ದರಿಂದ ಅಕ್ಕ ಚಹಾದ ಬಿಡುವಿನಲ್ಲಿ ಯೂನಿಫಾರ್ಮಿನಲ್ಲೇ ಪಾರ್ಕಿಂಗಿಗೆ ಬಂದಳು. ನಾನು ಇಳಿದು ಡ್ರೈವರ್ ಸೀಟನ್ನು ಅವಳಿಗೆ ಬಿಟ್ಟು, ಬಾಗಿಲ ಹತ್ತಿರ ನಿಂತೆ. ಅಕ್ಕ ಕೂತು ಹೂವನ್ನು ನೋಡಿದಳು. ವರ್ಷಗಟ್ಟಲೆ ಟುಲಿಪ್ ಮೇಲೆ ನಮಗೆಲ್ಲ ಭಾಷಣ ಬಿಗಿದ ಭಾವ ಕುಂಡವನ್ನು ಅವಳ ಕಡೆಗೆ ತಿರುಗಿಸಿ ಹಿಡಿದರು, ಅಷ್ಟೇ. ಅಕ್ಕನ ಹಣೆಯಿಂದ ಬೆವರು ಇಳಿಯುವುದನ್ನು ಕಂಡು ಅವರ ಕೈ ತನ್ನಿಂದ ತಾನೇ ಏಸಿಯ ಗುಂಡಿಗೆ ಹೋಯಿತು. ಅಕ್ಕ ಆ ಕೈ ಹಿಡಿದುಕೊಂಡಳು.

"ಬೇಡ. ಚಳಿಗೆ ಮುಚ್ಚಿಕೊಳ್ತದೆ."

"ನಿನಗೆ ಹೇಗೆ ಗೊತ್ತು?"

"ನೀವೇ ಓದಿ ಹೇಳಿದ್ದಲ್ವಾ, ಊಟಕ್ಕೆ ಕೂತಾಗ? ಬಣ್ಣ ಬಂದ ಮೇಲೆ ಸ್ವಲ್ಪ ಬೆಚ್ಚಗೆ ಇಡಬೇಕು ಅಂತ."

"ನಾನಾ? ಯಾವಾಗ?"

"ಎಷ್ಟೋ ವರ್ಷ ಆಯ್ತು. ಮತ್ತೆ ಎಂತಕ್ಕೆ ಬಡಕೊಳ್ತಾ ಇದ್ದೆ ನಾನು, ಏಸಿ ಕಡಿಮೆ ಮಾಡಿ, ಕಡಿಮೆ ಮಾಡಿ ಅಂತ? ನೀವು ಶಾಲು ಹೊದೆಸಿ ಹೋಗ್ತೀರಿ!"

ಓದಿ ಹೇಳಿದವರೇ ಮರೆತ ಮಾತು! ಊಟದ ಹೊತ್ತಿಗೆ ಭಾವ ಟುಲಿಪ್ ಪುರಾಣ ಬಿಚ್ಚಿದರೆ ನಾವೆಲ್ಲ ತಟ್ಟೆ ನೋಡಿಕೊಂಡು ಹ್ಞೂಂಗುಟ್ಟುತ್ತಿದ್ದೆವು. ಅಷ್ಟು ವರ್ಷ ಆ ಮನೆಯಲ್ಲಿ ಒಬ್ಬಳು ಅಷ್ಟನ್ನೂ ಕಿವಿಗೊಟ್ಟು ಕೇಳಿಸಿಕೊಂಡು ಇಟ್ಟುಕೊಂಡಿದ್ದಳು. ನಾನು ಮೆಲ್ಲಗೆ ಬಾಗಿಲು ಮುಚ್ಚಿ ಆಚೆ ಹೋಗಿ ನಿಂತೆ.

ಗಾಜಿನೊಳಗೆ ಅಕ್ಕ ಯೂನಿಫಾರ್ಮಿನ ತೋಳಿನಿಂದ ಭಾವನ ಮುಖ ಒರೆಸುತ್ತಿದ್ದಳು. ಭಾವ ನಗುತ್ತಿದ್ದರೋ ಅಳುತ್ತಿದ್ದರೋ ಬೆವರಿನಲ್ಲಿ ಗೊತ್ತಾಗುತ್ತಿರಲಿಲ್ಲ. ಆಮೇಲೆ ಇಬ್ಬರೂ ತಲೆಗೆ ತಲೆ ತಾಗಿಸಿ ಹೂವಿನ ಮೇಲೆ ಬಗ್ಗಿದರು.

ಅಷ್ಟರಲ್ಲಿ ಸೆಕ್ಯುರಿಟಿಯವನು ಬಂದ. "ಯಲ್ಲಾ, ಯಲ್ಲಾ, ಇಲ್ಲಿ ನಿಲ್ಲಿಸಬಾರದು. ಗಾಡಿ ತೆಗೀರಿ" ಎಂದವನು, ಆ ಬಿಸಿಲಲ್ಲಿ ಕಿಟಕಿ ಮುಚ್ಚಿ ಏಸಿ ಇಲ್ಲದೆ ಒಳಗೆ ಕೂತಿದ್ದ ಇಬ್ಬರನ್ನು ಕಂಡು ಗಾಬರಿಯಿಂದ ನನ್ನ ಮುಖ ನೋಡಿದ.

"ಐದು ನಿಮಿಷ ಭಾಯ್" ಎಂದೆ. "ಗಂಡ ಹೆಂಡತಿ ಹಾಲೆಂಡಿಗೆ ಹೋಗಿದ್ದಾರೆ. ಬಂದ ಕೂಡಲೇ ತೆಗೀತೇನೆ."