ಎರಡು ಶಾಲೆ, ಎರಡು ಕಟಿಂಗ್

ಇದು ನಿಜವಾಗಿ ನಡೆದದ್ದು. ಸುಳ್ಳಾಗಿದ್ದರೆ ನನ್ನ ತಲೆ ಬೋಳಿಸಿ ಎನ್ನುತ್ತಿದ್ದೆ. ಆದರೆ ಕತೆಯ ನಾಯಕನೇ ಕ್ಷೌರಿಕ. ಬಾಯಿ ತಪ್ಪಿ ಆಡಿದ ಮಾತನ್ನು ಅವನು ನಡೆಸಿಕೊಟ್ಟಾನು!

ಅವನ ಸಲೂನಿನಲ್ಲಿ ಮಕ್ಕಳಿಗೆ ಎರಡೇ ಬಗೆಯ ಕಟಿಂಗ್. ಪ್ರೈವೇಟ್ ಶಾಲೆಯವರಿಗೆ ಕತ್ತರಿಯಲ್ಲಿ ನಯವಾಗಿ ಕತ್ತರಿಸಿ, ಬೈತಲೆ ತೆಗೆದು, ಮೇಲೊಂದಿಷ್ಟು ಸೆಂಟು. ಸರ್ಕಾರಿ ಶಾಲೆಯವರಿಗೆ ಕುತ್ತಿಗೆಯಿಂದ ಹಣೆಯವರೆಗೆ ಹುಲ್ಲು ಕೊಯ್ದ ಹಾಗೆ ಮಷಿನ್ನಿನ ಒಂದೇ ಓಟ. ಯಾವ ಶಾಲೆಯೋ ಮರಿ ಎಂದು ಅವನು ಕೇಳುತ್ತಲೂ ಇರಲಿಲ್ಲ.

"ಕುರ್ಚಿ ಮೇಲೆ ಕೂತರೆ ಸಾಕು, ಗೊತ್ತಾಗತ್ತೆ ಕಣಯ್ಯ," ಎಂದು ಪಕ್ಕದಂಗಡಿಯ ಟೈಲರಿಗೆ ಅಭಿನಯಿಸಿ ತೋರಿಸಿದ. "ಪ್ರೈವೇಟು ಹೀಗೆ," ಎಂದು ಫೋಟೋಗೆ ಕೂತ ಮದುಮಗನಂತೆ ಬೆನ್ನು ನೆಟ್ಟಗೆ ಮಾಡಿದ. "ಸರ್ಕಾರಿ ಹೀಗೆ," ಎಂದು ಗೋಣಿಚೀಲದಂತೆ ಜಾರಿದ. "ಅದಕ್ಕೇ ನಾಳೆ ಮಗಳನ್ನ ಪ್ರೈವೇಟಿಗೆ ಸೇರಿಸ್ತೀನಿ."

ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದ ಮಗಳು ಮುಖ ಊದಿಸಿದಳು. "ನಾನು ಹೋಗಲ್ಲಪ್ಪಾ. ನಮ್ಮ ಟೀಚರ್ರು ನಾಟಕದಲ್ಲಿ ನನ್ನನ್ನ ಸಿಂಹ ಮಾಡಿದಾರೆ!"

ಒಳಗಿನಿಂದ ಹೆಂಡತಿ ಬಂದಳು. "ಹಾಗಾದ್ರೆ ಪಂದ್ಯ. ಟೈಲರಣ್ಣ ಇಬ್ಬರು ಹುಡುಗರನ್ನ ಕಳಿಸಲಿ. ಯಾರು ಯಾವ ಶಾಲೆ ಅಂತ ಸರಿಯಾಗಿ ಹೇಳಿದ್ರೆ ಸೇರಿಸಿ. ತಪ್ಪಿದ್ರೆ ಅವಳು ಇದ್ದಲ್ಲೇ ಇರ್ತಾಳೆ."

"ಆಗಲಿ!"

"ಎರಡೂ ಶಾಲೆ ಯೂನಿಫಾರ್ಮ್ ಹೊಲಿಯೋನು ನಾನೇ," ಎಂದ ಟೈಲರ್, ಬಾಯಲ್ಲಿದ್ದ ದಾರ ಕಡಿಯುತ್ತ. "ಬಟ್ಟೆ ನೋಡಿ ಮೋಸ ಹೋದೀಯ, ಹುಷಾರು."

ಸಂಜೆ ಇಬ್ಬರು ಬಂದರು. ಶಾಲೆಯ ಹೆಸರೆತ್ತಬಾರದೆಂದು ಟೈಲರ್ ತಾಕೀತು ಮಾಡಿದ್ದ. ಟೈ ಕಟ್ಟಿದವನು ಕುರ್ಚಿ ಹತ್ತಿದವನೇ ಅದನ್ನು ಗಿರ್ರನೆ ತಿರುಗಿಸಿದ, ಸೋಪಿನ ನೊರೆಯಿಂದ ಮೀಸೆ ಮಾಡಿಕೊಂಡ, ಅದರ ರುಚಿಯನ್ನೂ ನೋಡಿದ. ಮಾಸಿದ ಅಂಗಿಯವನು, "ನಮಸ್ಕಾರ ಅಂಕಲ್," ಎಂದು ಮಿಸುಕದೆ ಕೂತು, ಸೆಂಟಿನ ಬಾಟಲಿಯ ಮೇಲಿದ್ದ ಇಂಗ್ಲಿಷನ್ನು ಗಟ್ಟಿಯಾಗಿ ಓದಿದ.

ಕ್ಷೌರಿಕನಿಗೆ ನಗು ಬಂತು. 'ಎಲಾ ಟೈಲರೇ, ಬಟ್ಟೆ ಅದಲುಬದಲು ಮಾಡಿದೀಯಾ? ನನ್ನ ಹತ್ರಾನಾ?'

ಟೈಯವನ ತಲೆಯ ಮೇಲೆ ಮಷಿನ್ ಓಡಿತು. ಮಾಸಿದ ಅಂಗಿಯವನಿಗೆ ಬೈತಲೆ, ಸೆಂಟು.

"ನೊರೆ ತಿಂದವನು ಸರ್ಕಾರಿ! ಇವನು ಪ್ರೈವೇಟು!" ಎಂದು ಘೋಷಿಸುವುದಕ್ಕೂ ಒಬ್ಬ ಹೆಂಗಸು ಬಾಗಿಲಲ್ಲಿ ಕಾಣಿಸುವುದಕ್ಕೂ ಸರಿಹೋಯಿತು.

"ಅಯ್ಯೋ! ನನ್ನ ಮಗನ ತಲೆ ಏನ್ರೀ ಮಾಡಿದ್ರಿ? ನಾಳೆ ಅವರ ಕಾನ್ವೆಂಟಲ್ಲಿ ಗ್ರೂಪ್ ಫೋಟೋ!"

ಕ್ಷೌರಿಕ ಟೈಲರನ್ನು ನೋಡಿದ. "ಬಟ್ಟೆ ಬದಲಾಯಿಸಿರಲಿಲ್ವಾ?"

"ಬದಲಾಯಿಸಿದೀನಿ ಅಂದ್ನಾ? ಹುಷಾರು ಅಂದೆ ಅಷ್ಟೇ. ಇಬ್ಬರೂ ಅವರವರ ಬಟ್ಟೇಲೇ ಇದಾರೆ."

ಟೈಯವನು ತಲೆ ಸವರಿಕೊಂಡು ಕುಣಿದ. "ಅಮ್ಮಾ, ಇನ್ಮೇಲೆ ನೀನು ಬಾಚಣಿಗೆ ಹಿಡ್ಕೊಂಡು ನನ್ನ ಅಟ್ಟಿಸ್ಕೊಂಡು ಬರೋ ಹಾಗಿಲ್ಲ!" ಬೈಯಲು ಬಾಯಿ ತೆರೆದ ತಾಯಿಗೆ ನಗು ಬಂದುಬಿಟ್ಟಿತು.

"ತಪ್ಪಾಯ್ತಮ್ಮ, ಫೋಟೋಗೆ ಒಂದು ಟೋಪಿ ಹೊಲಿಸಿ ಕೊಡ್ತೀನಿ," ಎಂದು ಕ್ಷೌರಿಕ ಗೋಗರೆದ.

"ಇನ್ನೊಂದು ಟೋಪೀನಾ?" ಎಂದ ಟೈಲರ್. "ಈಗಷ್ಟೇ ನಿನಗೊಂದು ಹಾಕಿದೀನಲ್ಲಯ್ಯಾ!"

ಮಗಳು ಅಂಗಡಿಯ ನಡುವೆ ನಿಂತು ಸಿಂಹದಂತೆ ಗರ್ಜಿಸಿದಳು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು.

ಕ್ಷೌರಿಕ ಒಮ್ಮೆ ಮಷಿನ್ ಓಡಿದ ತಲೆ ನೋಡಿದ, ಒಮ್ಮೆ ಬೈತಲೆಯ ತಲೆ ನೋಡಿದ. "ತಲೇನೇ ಕೈಯಲ್ಲಿ ಹಿಡ್ಕೊಂಡು ನೋಡಿದ್ರೂ ಗೊತ್ತಾಗ್ಲಿಲ್ವಲ್ಲೇ ನಂಗೆ!" ಎಂದವನೇ, ಗೋಡೆಯ ಕನ್ನಡಿಗಳೆಲ್ಲ ಅದುರುವಂತೆ, ಎಲ್ಲರಿಗಿಂತ ಜೋರಾಗಿ ನಕ್ಕ.